‘ಬಾರ್ನ್ ಇನ್ ದ ಯುಎಸ್‌ಎ’ ಅಮೆರಿಕವನ್ನು ಹೊಗಳುವ ಹಾಡಾ? ಸತ್ಯಾಂಶ ಇಲ್ಲಿದೆ

ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ಬಾರ್ನ್ ಇನ್ ದ ಯುಎಸ್‌ಎ’ ಅಮೆರಿಕವನ್ನು ಕೊಂಡಾಡುವ ಹಾಡು, 1984ರಲ್ಲಿ ಅಧ್ಯಕ್ಷ ರೇಗನ್ ಅದನ್ನೇ ಪ್ರಚಾರ ಗೀತೆ ಮಾಡಿಕೊಂಡಿದ್ದರು ಎಂಬ ಮೆಸೇಜ್ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಎರಡೂ ಸರಿಯಲ್ಲ.

ಪಲ್ಲವಿ ಮಾತ್ರ ಕೇಳಿದರೆ ಹಾಗನ್ನಿಸುವುದು ಸಹಜ. ಡ್ರಮ್ಸ್ ಅಬ್ಬರ, ಗಂಟಲು ಬಿಚ್ಚಿ ಕೂಗುವ ಅದೇ ಒಂದು ಸಾಲು. ಚರಣಗಳಲ್ಲಿರುವುದು ಬೇರೆಯದೇ ಕಥೆ. ಬಡ ಊರಿನ ಹುಡುಗನೊಬ್ಬ ಯಾವುದೋ ತಂಟೆಯಲ್ಲಿ ಸಿಕ್ಕಿಬೀಳುತ್ತಾನೆ. ಕೈಗೆ ಬಂದೂಕು ಕೊಟ್ಟು ವಿಯೆಟ್ನಾಂಗೆ ಕಳಿಸುತ್ತಾರೆ. ವಾಪಸ್ ಬಂದರೆ ರಿಫೈನರಿಯಲ್ಲಿ ಕೆಲಸವಿಲ್ಲ. ಮಾಜಿ ಸೈನಿಕರ ಇಲಾಖೆಯವರೂ ಕೈಚೆಲ್ಲುತ್ತಾರೆ. ವಿಯೆಟ್ನಾಂನ ಖೇ ಸಾನ್‌ನಲ್ಲಿ ಕಾದಾಡಿದ ಸಹೋದರ ಈಗಿಲ್ಲ. 1982ರಲ್ಲಿ ಇದನ್ನು ಬರೀ ಗಿಟಾರ್ ಹಿಡಿದು ಹಾಡಿದ ರೆಕಾರ್ಡಿಂಗ್ ಇದೆ, ದಯವಿಟ್ಟು ಒಮ್ಮೆ ಕೇಳಿ. ಅಬ್ಬರವೆಲ್ಲ ಹೋಗಿ ಸಂಕಟ ಮಾತ್ರ ಉಳಿಯುತ್ತದೆ.

ಇನ್ನು ರೇಗನ್ ವಿಷಯ. 1984ರ ಸೆಪ್ಟೆಂಬರ್ 19ರಂದು ನ್ಯೂಜೆರ್ಸಿಯ ಹ್ಯಾಮಂಟನ್‌ನಲ್ಲಿ ಭಾಷಣ ಮಾಡುತ್ತಾ, ಸ್ಪ್ರಿಂಗ್‌ಸ್ಟೀನ್ ಹಾಡುಗಳಲ್ಲಿ ಭರವಸೆಯ ಸಂದೇಶವಿದೆ ಎಂದು ಅವರು ಹೊಗಳಿದ್ದು ನಿಜ. ಆದರೆ ಈ ಹಾಡಿನ ಹೆಸರನ್ನೇ ಅವರು ಎತ್ತಿರಲಿಲ್ಲ. ಎರಡೇ ದಿನಕ್ಕೆ ಪಿಟ್ಸ್‌ಬರ್ಗ್ ವೇದಿಕೆಯಲ್ಲಿ ಸ್ಪ್ರಿಂಗ್‌ಸ್ಟೀನ್ ಆ ಮಾತನ್ನು ಪ್ರಸ್ತಾಪಿಸಿ ‘ಜಾನಿ 99’ ಹಾಡಿದರು. ಅದು ಕಾರು ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡವನ ಕಥೆ.