ಫೋರ್ಟ್ ಡುಕೇನ್ ಬಿದ್ದದ್ದು ಫಿರಂಗಿಯಿಂದಲ್ಲ

ಹದಿನೆಂಟನೇ ಶತಮಾನದ ಅಮೆರಿಕದ ಫೋರ್ಟ್ ಡುಕೇನ್ ಕೋಟೆಯ ಬಗ್ಗೆ ಓದುವಾಗಲೆಲ್ಲ ನನ್ನದೊಂದು ತಕರಾರು. ಫ್ರೆಂಚರು ಕಟ್ಟಿದರು, ಬ್ರಿಟಿಷರು ಗೆದ್ದರು ಎಂದು ಎರಡು ಸಾಮ್ರಾಜ್ಯಗಳ ಜಗಳವಾಗಿ ಅದನ್ನು ಹೇಳಿ ಮುಗಿಸುತ್ತಾರೆ. ಆ ನೆಲದಲ್ಲಿ ಬದುಕಿದ್ದ ಲೆನಾಪೆ, ಶಾನೀ, ಮಿಂಗೋ ಜನ ಕಾಡಿನ ಮರಗಳಂತೆ ಹಿನ್ನೆಲೆಯಲ್ಲಿ ನಿಂತುಬಿಡುತ್ತಾರೆ. ಆದರೆ ಆ ಕೋಟೆಯನ್ನು ಉಳಿಸಿದವರೂ ಮೂಲನಿವಾಸಿಗಳೇ, ಕೈಬಿಟ್ಟವರೂ ಮೂಲನಿವಾಸಿಗಳೇ.

ಅಲೆಘೆನಿ ಮತ್ತು ಮೊನಾಂಗಹೀಲಾ ನದಿಗಳು ಕೂಡಿ ಒಹಾಯೊ ಹುಟ್ಟುವ ಸಂಗಮ ಅದು, ಇಂದಿನ ಪಿಟ್ಸ್‌ಬರ್ಗ್. ಕೆನಡಾದಿಂದ ಲೂಸಿಯಾನಾದವರೆಗೆ ಜಲಮಾರ್ಗ ಬೇಕಿದ್ದ ಫ್ರೆಂಚರಿಗೂ, ಒಹಾಯೊ ಕಣಿವೆಯ ಭೂಮಿ ಮಾರಿ ಹಣ ಮಾಡಲು ಹೊರಟಿದ್ದ, ಬ್ರಿಟಿಷ್ ವಸಾಹತಾದ ವರ್ಜೀನಿಯಾದ ಸಿರಿವಂತರಿಗೂ ಆ ಮೂಲೆಯೇ ಬೇಕಿತ್ತು. 1754ರ ಏಪ್ರಿಲ್‌ನಲ್ಲಿ ವರ್ಜೀನಿಯಾದವರು ಅರ್ಧಂಬರ್ಧ ಕಟ್ಟಿದ್ದ ಕೋಟೆಯನ್ನು ಫ್ರೆಂಚರು ಗುಂಡು ಹಾರಿಸದೆಯೇ ಬಿಡಿಸಿಕೊಂಡು, ಅಲ್ಲಿ ಮರ ಮಣ್ಣಿನ ತಮ್ಮದೇ ಕೋಟೆ ಎಬ್ಬಿಸಿದರು. ಮರುವರ್ಷ ಜುಲೈ 9ರಂದು ಬ್ರಿಟಿಷ್ ಜನರಲ್ ಬ್ರಾಡಕ್ ಸುಮಾರು 1,300 ಜನರೊಂದಿಗೆ ಅದರತ್ತ ನುಗ್ಗಿ ಮಣ್ಣುಮುಕ್ಕಿದ. ಅವನ ಪಡೆಯಲ್ಲಿ ಸತ್ತವರು, ಗಾಯಗೊಂಡವರು ಸೇರಿದರೆ ಒಂಬತ್ತು ನೂರರ ಆಸುಪಾಸು. ಫ್ರೆಂಚ್ ನಾಯಕ ಬೋಜೂ ಕಾಳಗದ ಆರಂಭದಲ್ಲೇ ಸತ್ತಿದ್ದ. ಬ್ರಾಡಕ್‌ನನ್ನು ಎದುರಿಸಿದ ಪಡೆಯ ಬಹುಪಾಲು ಮೂಲನಿವಾಸಿ ಯೋಧರದ್ದೇ. ಇದನ್ನು ಫ್ರೆಂಚರ ವಿಜಯ ಎಂದು ಬರೆಯುವವರಿಗೆ ಏನನ್ನಬೇಕು?

1758ರಲ್ಲಿ ಬ್ರಿಟಿಷ್ ಜನರಲ್ ಫೋರ್ಬ್ಸ್ ಬಂದ. ನಡೆಯಲೂ ಆಗದಷ್ಟು ಕಾಯಿಲೆ, ಡೋಲಿಯಲ್ಲಿ ಹೊತ್ತು ತರಬೇಕಾಯಿತು. ಆದರೆ ಮದ್ದುಗುಂಡಿಗಿಂತ ಮಾತು ಹೆಚ್ಚು ಕೆಲಸ ಮಾಡೀತು ಎಂಬುದು ಅವನಿಗೆ ಹೊಳೆದಿತ್ತು. ಮೊರಾವಿಯನ್ ಪಂಥದ ಧರ್ಮಪ್ರಚಾರಕ ಫ್ರೆಡರಿಕ್ ಪೋಸ್ಟ್ ಸಂಧಾನಕ್ಕೆಂದು ಒಹಾಯೊ ಸೀಮೆಗೆ ಹೋದಾಗ ಲೆನಾಪೆಗಳು ನೇರವಾಗಿಯೇ ಕೇಳಿದರು: ನೀವೂ ಫ್ರೆಂಚರೂ ನಿಮ್ಮ ದೇಶದಲ್ಲೋ ಸಮುದ್ರದಲ್ಲೋ ಹೊಡೆದಾಡಿಕೊಳ್ಳದೆ ನಮ್ಮ ನೆಲಕ್ಕೇಕೆ ಬಂದಿರಿ? ಆ ಇಡೀ ಯುದ್ಧದಲ್ಲಿ ಇದಕ್ಕಿಂತ ವಿವೇಕದ ಮಾತು ನನಗೆ ಸಿಕ್ಕಿಲ್ಲ. ಅದೇ ಅಕ್ಟೋಬರ್‌ನಲ್ಲಿ ಮೂಲನಿವಾಸಿಗಳ ಜೊತೆ ಈಸ್ಟನ್ ಒಪ್ಪಂದವಾಯಿತು. ಅಲೆಘೆನಿ ಬೆಟ್ಟಗಳ ಪಶ್ಚಿಮಕ್ಕೆ ವಸಾಹತು ಹೂಡುವುದಿಲ್ಲ ಎಂದು ಬ್ರಿಟಿಷರು ಮಾತು ಕೊಟ್ಟದ್ದೇ ತಡ, ಫ್ರೆಂಚರ ಮಿತ್ರರು ಕರಗತೊಡಗಿದರು. ಪೂರೈಕೆಯೂ ಬತ್ತಿತ್ತು. ನವೆಂಬರ್ ಕೊನೆಯಲ್ಲಿ ಫ್ರೆಂಚರು ತಾವೇ ಕೋಟೆಗೆ ಬೆಂಕಿಯಿಟ್ಟು ಹೊರಟುಹೋದರು.

ಕೊಟ್ಟ ಮಾತು? ಬ್ರಿಟಿಷರು ಅಲ್ಲಿಯೇ ಹಲವು ಪಟ್ಟು ದೊಡ್ಡದಾದ ಫೋರ್ಟ್ ಪಿಟ್ ಕಟ್ಟಿದರು. 1763ರಲ್ಲಿ ಮೂಲನಿವಾಸಿಗಳು ದಂಗೆಯೆದ್ದು ಕೋಟೆಯನ್ನು ಸುತ್ತುವರಿದಾಗ, ಮಾತುಕತೆಗೆ ಬಂದ ಲೆನಾಪೆ ಪ್ರತಿನಿಧಿಗಳಿಗೆ ಒಳಗಿದ್ದವರು ಸಿಡುಬು ಆಸ್ಪತ್ರೆಯಿಂದ ತಂದ ಎರಡು ಕಂಬಳಿ, ಒಂದು ಕರವಸ್ತ್ರವನ್ನು ಉಡುಗೊರೆಯಾಗಿ ಕೊಟ್ಟರು. ಕೋಟೆಯೊಳಗಿದ್ದ ವ್ಯಾಪಾರಿ ವಿಲಿಯಂ ಟ್ರೆಂಟ್ ಇದನ್ನು ತನ್ನ ದಿನಚರಿಯಲ್ಲಿ ಸಂಕೋಚವಿಲ್ಲದೆ ಬರೆದಿಟ್ಟಿದ್ದಾನೆ. ಸಿಡುಬು ಆ ಕಂಬಳಿಗಳಿಂದಲೇ ಹಬ್ಬಿತೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಉದ್ದೇಶದ ಬಗ್ಗೆ ಮಾತ್ರ ಅನುಮಾನ ಬೇಕಿಲ್ಲ.

ಬ್ರಿಟಿಷರು ಹೋಗಿ ಅಮೆರಿಕನ್ನರು ಬಂದರೂ ಚಾಳಿ ಬದಲಾಗಲಿಲ್ಲ. 1778ರ ಸೆಪ್ಟೆಂಬರ್‌ನಲ್ಲಿ ಅದೇ ಫೋರ್ಟ್ ಪಿಟ್‌ನಲ್ಲಿ ಲೆನಾಪೆಗಳ ಜೊತೆ ಹೊಸ ಒಪ್ಪಂದವಾಯಿತು. ಮುಂದೆ ಅವರದೇ ರಾಜ್ಯವೊಂದಾಗಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಪ್ರಾತಿನಿಧ್ಯವೂ ಸಿಗಬಹುದು ಎಂಬ ಆಸೆಯನ್ನು ಅದರಲ್ಲಿ ಬರಹದಲ್ಲೇ ತೋರಿಸಲಾಗಿತ್ತು. ಸಹಿ ಹಾಕಿದ ಮುಖಂಡ ವೈಟ್ ಐಸ್ ಎರಡೇ ತಿಂಗಳಲ್ಲಿ ಅಮೆರಿಕನ್ ಪಡೆಯ ಜೊತೆಗಿದ್ದಾಗಲೇ ಸತ್ತ. ಸಿಡುಬಿನಿಂದ ಸತ್ತ ಎಂದು ಸಾರಿದರು. ಕೊಂದವರು ಅಮೆರಿಕನ್ ಸೇನಾಪಡೆಯವರೇ ಎಂದು ಅಮೆರಿಕನ್ನರದೇ ಪ್ರತಿನಿಧಿಯಾಗಿದ್ದ ಜಾರ್ಜ್ ಮಾರ್ಗನ್ ವರ್ಷಗಳ ನಂತರ ಬರೆದ.