ನೀರಿಗೆ ಮೊದಲು ದಾರಿ

ಊರಿಂದ ನೆಂಟರು ಬಂದರೆ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನ ಕನ್ನಡಿಗರು ಅವರನ್ನು ಆರ್ಥರ್ಸ್ ಪಾಸ್ ಎಂಬ ಘಾಟಿ ದಾಟಿಸಿ ಪಶ್ಚಿಮ ಕರಾವಳಿಗೆ ಕರೆದುಕೊಂಡು ಹೋಗುವುದು ವಾಡಿಕೆ. ಹೋದವರೆಲ್ಲ ತಪ್ಪದೆ ವಿಡಿಯೊ ಮಾಡುವ ಜಾಗ ಒಂದಿದೆ. ಒಟಿರಾ ಕಣಿವೆಗೆ ಇಳಿಯುವಾಗ ರೀಡ್ಸ್ ಫಾಲ್ಸ್ ಅನ್ನುವ ಅಬ್ಬಿ ಕಾಂಕ್ರೀಟಿನ ದೋಣಿಯೊಂದರಲ್ಲಿ ರಸ್ತೆಯ ಮೇಲಿಂದ ಹಾದು ಆಚೆ ಕಣಿವೆಗೆ ಬೀಳುತ್ತದೆ. ಕಾರು ಅದರ ಅಡಿಯಲ್ಲಿ ನುಸುಳಿಕೊಂಡು ಹೋಗುತ್ತದೆ. ನಮ್ಮ ಕಡೆ ಅಡಿಕೆ ಮರ ಸೀಳಿ ದಂಬೆ ಮಾಡಿ ಗುಡ್ಡದ ನೀರನ್ನು ಮನೆ ಅಂಗಳಕ್ಕೆ ತರುತ್ತಿದ್ದರಲ್ಲ, ಅದೇ ದಂಬೆ, ಒಂದು ಹೆದ್ದಾರಿಯ ಅಳತೆಗೆ. ಆ ವಿಡಿಯೊ ಊರಿನ ಗುಂಪಿಗೆ ಹೋದರೆ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ: 'ನಮ್ಮ ಚಾರ್ಮಾಡಿಯಲ್ಲಿ ಅಬ್ಬಿ ನೇರ ರಸ್ತೆಗೇ ಬೀಳುತ್ತೆ ಮಾರಾಯ, ಅದಕ್ಕೆಲ್ಲ ದಂಬೆ ಯಾಕೆ?' ನಗುತ್ತಾ ಹೇಳುವ ಮಾತೇ ಇರಬಹುದು, ಆದರೂ ಚುಚ್ಚುತ್ತದೆ. ಚಾರ್ಮಾಡಿ ವರ್ಷವರ್ಷವೂ ಕುಸಿಯುವುದಕ್ಕೆ ಕಾರಣ ಆ ಮಾತಿನಲ್ಲೇ ಇದೆ.

ಎರಡೂ ರಸ್ತೆಗಳ ನಂಬರ್ 73. ಮಂಗಳೂರಿನಿಂದ ಉಜಿರೆ, ಚಾರ್ಮಾಡಿ, ಕೊಟ್ಟಿಗೆಹಾರ, ಮೂಡಿಗೆರೆ ಹಾದು ತುಮಕೂರಿಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 73. ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನು ಪೂರ್ವದ ಕಡಲಿಂದ ಪಶ್ಚಿಮದ ಕಡಲಿಗೆ ಅಡ್ಡ ಹಾಯುವುದು ಸ್ಟೇಟ್ ಹೈವೇ 73. ಕ್ರೈಸ್ಟ್‌ಚರ್ಚಿನಿಂದ ಗ್ರೇಮೌತ್‌ಗೆ ಸುಮಾರು 240 ಕಿಲೋಮೀಟರ್. ಮಳೆಯ ಸ್ವಭಾವವೂ ನಮ್ಮದೇ. ಪಶ್ಚಿಮದ ಕಡಲಿಂದ ಬಂದ ಮೋಡ ಬೆಟ್ಟಕ್ಕೆ ಡಿಕ್ಕಿ ಹೊಡೆದು ಅಲ್ಲೇ ಬರಿದಾಗುತ್ತದೆ, ಪೂರ್ವಕ್ಕೆ ಒಣಗಾಳಿ ಮಾತ್ರ ಇಳಿಯುತ್ತದೆ. ಕ್ರೈಸ್ಟ್‌ಚರ್ಚಿಗೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆಯಾದರೆ ಆರ್ಥರ್ಸ್ ಪಾಸ್ ಊರಿನಲ್ಲಿ 4 ಮೀಟರಿಗೂ ಮಿಕ್ಕಿ ಹೊಯ್ಯುತ್ತದೆ. ಅರಸೀಕೆರೆಯಲ್ಲಿ ಧೂಳು ಏಳುವ ದಿನವೇ ಕೊಟ್ಟಿಗೆಹಾರದಲ್ಲಿ ಕೊಡೆ ಮಡಚಲಾಗದ ಹಾಗೆ.

ಆರ್ಥರ್ಸ್ ಪಾಸಿನ ದಾರಿ ಶುರುವಾದದ್ದು ಚಿನ್ನದ ಆಸೆಯಿಂದ. ಪಶ್ಚಿಮ ಕರಾವಳಿಯ ಮಾವೊರಿ ಮುಖಂಡ ತಾರಾಪುಹಿ ಕೊಟ್ಟ ಸುಳಿವು ಹಿಡಿದು ಆರ್ಥರ್ ಡಾಬ್ಸನ್ ಎಂಬ ಸರ್ವೇಯರ್ 1864ರಲ್ಲಿ ಈ ಕಣಿವೆ ಹತ್ತಿದ. ಅಷ್ಟರಲ್ಲಿ ಆ ಕಡೆ ಚಿನ್ನ ಸಿಕ್ಕಿತು, 1866ಕ್ಕೆ ಕುದುರೆಗಾಡಿಯ ರಸ್ತೆಯೂ ಆಯಿತು. ಒಟಿರಾ ಮೇಲಿನ ಇಳಿಜಾರನ್ನು ಅವರು ದಾಟಿಸಿದ್ದು ನಾವು ಘಾಟಿಗಳಲ್ಲಿ ಮಾಡಿದ ಹಾಗೆಯೇ, ಹಾವಿನಂತೆ ಸುತ್ತುವ ತಿರುವುಗಳಿಂದ. ಆ ಇಳಿಜಾರು ಮಾತ್ರ ಒಂದು ಕಡೆ ನಿಂತ ನೆಲವಲ್ಲ. ಒಡೆದ ಕಲ್ಲಿನ ರಾಶಿ ಅದು, ದೊಡ್ಡ ಮಳೆ ಬಂದಾಗಲೆಲ್ಲ ಜಾರುತ್ತಿತ್ತು. ನೂರಮೂವತ್ತು ವರ್ಷ ಅವರು ನಮ್ಮ ಹಾಗೇ ಮಣ್ಣು ತೆಗೆದರು, ಗೋಡೆ ಕಟ್ಟಿದರು, ಮತ್ತೆ ಮಣ್ಣು ತೆಗೆದರು. ಕೊನೆಗೆ ಆ ಗುಡ್ಡವನ್ನು ಹಿಡಿದು ನಿಲ್ಲಿಸುವ ಹಟವನ್ನೇ ಬಿಟ್ಟುಬಿಟ್ಟರು. 1999ರಲ್ಲಿ ತೆರೆದ 440 ಮೀಟರ್ ಉದ್ದದ ಒಟಿರಾ ಮೇಲ್ಸೇತುವೆ ಜಾರುವ ನೆಲವನ್ನು ಬಿಟ್ಟು ಕಣಿವೆಯ ಗಾಳಿಯಲ್ಲೇ ಇಳಿದುಹೋಗುತ್ತದೆ. ಗುಡ್ಡ ಜಾರಿದರೆ ಜಾರಲಿ, ರಸ್ತೆ ಅಲ್ಲಿಲ್ಲ. ಅದರ ಕೆಳಗೆ ಬಂಡೆಗೆ ಅಂಟಿಕೊಂಡ ಭಾಗದಲ್ಲಿ ಕಲ್ಲು ಉರುಳುವ ಕಡೆ ಮೇಲೆ ಕಾಂಕ್ರೀಟಿನ ಮಾಡು, ಅಬ್ಬಿ ಬೀಳುವ ಕಡೆ ದಂಬೆ. ದಂಬೆಯನ್ನು ತೆರೆದೇ ಬಿಟ್ಟದ್ದು ಸರಿಯಾದ ಬುದ್ಧಿ. ಬೆಟ್ಟದ ನೀರು ಒಂಟಿಯಾಗಿ ಬರುವುದಿಲ್ಲ, ಕಲ್ಲು, ಬೇರು, ಮರದ ತುಂಡು ಎಲ್ಲವನ್ನೂ ಕಟ್ಟಿಕೊಂಡು ಬರುತ್ತದೆ. ಕೊಳವೆಯಲ್ಲಿ ಸಿಕ್ಕಿಕೊಳ್ಳುವ ದಿಮ್ಮಿ ದೋಣಿಯಲ್ಲಿ ಜಾರಿಹೋಗುತ್ತದೆ.

ಚಾರ್ಮಾಡಿಗೆ ಮೇಲ್ಸೇತುವೆ ಬೇಕು ಎಂದು ಹೇಳುತ್ತಿಲ್ಲ. ಅದಕ್ಕೂ ಎಷ್ಟೋ ಮೊದಲಿನ, ಎಷ್ಟೋ ಅಗ್ಗದ ಕೆಲಸವೇ ನಮ್ಮಲ್ಲಿ ಆಗುತ್ತಿಲ್ಲ.

ಘಾಟಿ ರಸ್ತೆ ಕುಸಿಯುವ ಕ್ರಮ ನೋಡಿ. ಧರೆ ಕಡಿದ ಕಡೆ, ಅಂದರೆ ಒಳಬದಿಯಲ್ಲಿ, ಚರಂಡಿ ಇರುತ್ತದೆ. ಅಲ್ಲಿನ ನೀರು ಇಷ್ಟಿಷ್ಟು ದೂರಕ್ಕೆ ಮೋರಿಯಲ್ಲಿ ರಸ್ತೆಯಡಿ ದಾಟಿ ಹೊರಬದಿಗೆ ಹೋಗಬೇಕು. ಬೇಸಿಗೆಯಲ್ಲಿ ಒಣಗಿದೆಲೆ, ಬಿದಿರ ಗೆಲ್ಲು, ಪ್ರವಾಸಿಗಳು ಎಸೆದ ಬಾಟಲಿ ಎಲ್ಲ ಮೋರಿಯ ಬಾಯಲ್ಲಿ ಸೇರುತ್ತವೆ. ಮೊದಲ ಮಳೆಗೆ ಅದರ ಮೇಲೆ ಮಣ್ಣು ಕೂರುತ್ತದೆ. ಆರ್ದ್ರೆ ಕಳೆಯುವ ಹೊತ್ತಿಗೆ ಮೋರಿ ಬಂದ್. ದಾರಿ ತಪ್ಪಿದ ನೀರು ಡಾಂಬರಿನ ಮೇಲೆ ಹರಿದು ಹೊರಬದಿಯ ಅಂಚಿನಿಂದ ಧುಮುಕುತ್ತದೆ. ಬೀಳುವ ಜಾಗ ಯಾವುದು? ತಡೆಗೋಡೆಯ ಬುಡ. ದಿನಗಟ್ಟಲೆ ಬುಡ ಕೊರೆದ ಮೇಲೆ ಒಂದು ರಾತ್ರಿ ಗೋಡೆ ಮುಂದಕ್ಕೆ ವಾಲುತ್ತದೆ. ಅದಕ್ಕೂ ಮೊದಲೇ ಹೊರ ಅಂಚಿಗೆ ಸಮಾನಾಂತರವಾಗಿ ಡಾಂಬರಿನಲ್ಲಿ ಕೂದಲೆಳೆಯ ಬಿರುಕು ಕಂಡಿರುತ್ತದೆ. ರಸ್ತೆ ಕೊಡುವ ಮೊದಲ ಎಚ್ಚರಿಕೆಯೇ ಅದು. ಆ ಬಿರುಕಿಗೆ ಆ ದಿನವೇ ನೀರು ಇಳಿಯದ ಹಾಗೆ ಟಾರು ತುಂಬಿ, ಭಾರದ ಗಾಡಿಗಳನ್ನು ಒಳಬದಿಗೆ ಸರಿಸಿ, ಮೋರಿ ಬಿಡಿಸಿದರೆ ಗೋಡೆ ಉಳಿಯುವ ಸಾಧ್ಯತೆ ಇದೆ. ನಾವು ಬಿರುಕಿನ ಮೇಲೆ ಡಾಂಬರು ಹಚ್ಚಿ, ಅದು ಕಾಣದಂತೆ ಮಾಡಿ ಮುಂದೆ ಹೋಗುತ್ತೇವೆ.

ಇನ್ನೊಂದು ತಪ್ಪು ತಡೆಗೋಡೆಯಲ್ಲೇ ಇರುತ್ತದೆ. ಗೋಡೆಯ ಹಿಂದಿನ ಮಣ್ಣು ನೀರು ಕುಡಿದು ಊದುವುದರಿಂದ ಆ ನೀರು ಬಸಿಯಲು ಗೋಡೆಯಲ್ಲಿ ಸಾಲಾಗಿ ತೂತು ಬಿಟ್ಟಿರುತ್ತಾರೆ. ತೂತಿನ ಹಿಂದೆ ಜಲ್ಲಿ ತುಂಬಬೇಕು, ಮಣ್ಣನ್ನಲ್ಲ. ಮಣ್ಣು ತುಂಬಿದರೆ ಎರಡು ಮಳೆಗಾಲಕ್ಕೆ ತೂತು ಕಟ್ಟುತ್ತದೆ. ಮಳೆ ನಿಂತು ಒಂದು ಗಂಟೆಯ ಮೇಲೆ ಹೋಗಿ ನೋಡಿದರೆ ತಿಳಿಯುತ್ತದೆ: ತೂತಿನಿಂದ ನೀರು ಒಸರುತ್ತಿದ್ದರೆ ಗೋಡೆ ಬದುಕಿದೆ. ಸುತ್ತೆಲ್ಲ ಒದ್ದೆಯಾಗಿದ್ದು ತೂತು ಮಾತ್ರ ಒಣಗಿದ್ದರೆ ನೀರು ಹಿಂದೆ ಕೂತಿದೆ ಎಂದೇ ಅರ್ಥ. ಇನ್ನು ಧರೆಯ ನೆತ್ತಿಯ ಮೇಲೆ, ಕಡಿದ ಅಂಚಿಗಿಂತ ನಾಲ್ಕೈದು ಮೀಟರ್ ಹಿಂದೆ, ಗುಡ್ಡದ ನೀರನ್ನು ಅಡ್ಡಹಿಡಿದು ಪಕ್ಕಕ್ಕೆ ಒಯ್ಯುವ ಮೇಲ್ಗಾಲುವೆ ಬೇಕು. ರಸ್ತೆಯಿಂದ ಅದು ಕಾಣುವುದಿಲ್ಲ. ಕಾಣದ್ದನ್ನು ಯಾರೂ ಕಟ್ಟುವುದಿಲ್ಲ, ಕಟ್ಟಿದ್ದನ್ನು ಯಾರೂ ಹತ್ತಿ ನೋಡುವುದಿಲ್ಲ.

ಬೇಸರವಾಗುವುದು ಇಲ್ಲಿಯೇ. ಈ ವಿದ್ಯೆ ನಮಗೆ ಹೊರಗಿಂದ ಬರಬೇಕಾದದ್ದಲ್ಲ. ಘಾಟಿಯ ಮೇಲೂ ಕೆಳಗೂ ಅಡಿಕೆ ತೋಟ ಮಾಡುವ ಯಾರನ್ನೇ ಕೇಳಿ, ಮಳೆಗಾಲಕ್ಕೆ ಮೊದಲು ಬಸಿಗಾಲುವೆ ಬಿಡಿಸದೆ ಅವರು ಬೇರೆ ಕೆಲಸಕ್ಕೆ ಕೈ ಹಾಕುವುದಿಲ್ಲ. ನೀರು ನಿಂತರೆ ಬೇರು ಕೊಳೆಯುತ್ತದೆ, ಹಾಗಾಗಿ ಗಿಡಕ್ಕಿಂತ ಮೊದಲು ಕಾಲುವೆ. ಜೂನಿನಲ್ಲಿ ಒಮ್ಮೆ ಬಿಡಿಸಿದ್ದು ಸಾಲದೆಂದು ಪುಷ್ಯ ಮಳೆಯ ನಡುವೆ ಕಂಬಳಿಕೊಪ್ಪೆ ಹಾಕಿಕೊಂಡು ಇನ್ನೊಮ್ಮೆ ಹಾರೆ ಹಿಡಿಯುತ್ತಾರೆ. ಅದೇ ಊರಿನ ಮೇಲೆ ಹಾದುಹೋಗುವ ಹೆದ್ದಾರಿಗೆ ಮಾತ್ರ ಮೊದಲು ಡಾಂಬರು, ನೀರಿನ ಯೋಚನೆ ಕುಸಿದ ಮೇಲೆ. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಹಲವು ಕಡೆ ಕುಸಿದು, ದೊಡ್ಡ ಗಾಡಿಗಳಿಗೆ ತಿಂಗಳುಗಟ್ಟಲೆ ದಾರಿ ಇಲ್ಲದಾಯಿತು. ಮೂಡಿಗೆರೆ ಕಡೆಯಿಂದ ಮಂಗಳೂರಿನ ಆಸ್ಪತ್ರೆಗೆ ಧಾವಿಸುವ ಆಂಬುಲೆನ್ಸಿಗೆ ಅದು ಏನೆಂದು ಬಿಡಿಸಿ ಹೇಳಬೇಕಿಲ್ಲ.

ನ್ಯೂಜಿಲೆಂಡಿನ ಈ ದಾರಿ ಹಿಡಿಯುವವರಿಗೆ ಎರಡು ಮಾತು. ಅತಿ ಎತ್ತರದ ಜಾಗ ಆರ್ಥರ್ಸ್ ಪಾಸ್ ಅಲ್ಲ. ಅದು 920 ಮೀಟರ್, ಅದಕ್ಕೂ ಮೊದಲು ಸಿಗುವ ಪೋರ್ಟರ್ಸ್ ಪಾಸ್ 939. ಚಳಿಗಾಲದಲ್ಲಿ, ಅಂದರೆ ನಮ್ಮ ಆಷಾಢ-ಶ್ರಾವಣದಲ್ಲಿ, ಮಂಜುಗಡ್ಡೆ ಮೊದಲು ಎದುರಾಗುವುದು ಅಲ್ಲಿ. ಚಕ್ರಕ್ಕೆ ಕಟ್ಟುವ ಸರಪಳಿ ಕಾರಿನಲ್ಲಿರಲಿ, ಎಂಜಿನ್ ಯಾವ ಚಕ್ರ ತಿರುಗಿಸುತ್ತದೋ ಆ ಜೋಡಿಗೇ ಕಟ್ಟಿ. ಮೊದಲ ಸಲ ಕಟ್ಟುವುದು ಮನೆಯಂಗಳದಲ್ಲಿ ಒಣಗಿದ ಕೈಯಲ್ಲಿ ಆಗಲಿ, ಹಿಮದಲ್ಲಿ ಬೆರಳು ಮರಗಟ್ಟಿದಾಗ ಬೇಡ. ಒಟಿರಾ ಇಳಿಯುವಾಗ ಆಟೊಮ್ಯಾಟಿಕ್ ಗಾಡಿಯಾದರೂ ಕೈಯಿಂದ ಕೆಳಗಿನ ಗೇರಿಗೆ ಹಾಕಿ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಮೆತ್ತಗಾಗಿ ಬ್ರೇಕ್ ಹಿಡಿಯುವುದಿಲ್ಲ. ಒಂದೇ ಗಾಡಿ ಹೋಗುವ ಸೇತುವೆ ಬಂದಾಗ ಬಾಣದ ಗುರುತು ನೋಡಿ: ನಿಮ್ಮ ದಿಕ್ಕಿನ ಬಾಣ ಕೆಂಪಾಗಿ ಚಿಕ್ಕದಿದ್ದರೆ ಎದುರಿನವರಿಗೆ ದಾರಿ ಬಿಡಿ. ನೋಟದ ಕಟ್ಟೆಯಲ್ಲಿ ಕಾರು ನಿಲ್ಲಿಸಿದರೆ ಕಿಯಾ ಗಿಳಿಗಳು ವೈಪರ್ ರಬ್ಬರು ಕಿತ್ತುಹಾಕುತ್ತವೆ. ಅವಕ್ಕೆ ತಿನ್ನಲು ಕೊಡಬೇಡಿ, ಚಕ್ಕುಲಿಯ ಚೂರನ್ನೂ.

ಇಷ್ಟು ಹೇಳಿದ ಮೇಲೆ ಒಪ್ಪಿಕೊಳ್ಳಬೇಕಾದದ್ದೂ ಇದೆ. ಒಟಿರಾದ್ದು ಒಡೆದ ಕಲ್ಲಿನ ಗುಡ್ಡ, ನಮ್ಮದು ನೀರು ಕುಡಿದು ಕೆಸರಾಗುವ ಮಣ್ಣು. ಕಲ್ಲು ತಡೆಯುವ ಮಾಡು ಕೆಸರಿನ ಪ್ರವಾಹ ತಡೆಯುವುದಿಲ್ಲ. ಇಲ್ಲಿಯ ಮಳೆ ವರ್ಷವಿಡೀ ಹಂಚಿಕೊಂಡು ಬರುತ್ತದೆ, ನಮಗೆ ನಾಲ್ಕು ತಿಂಗಳಲ್ಲಿ ಎಲ್ಲವೂ. ಪಶ್ಚಿಮ ಕರಾವಳಿ ಪ್ರಾಂತ್ಯದ ಒಟ್ಟು ಜನಸಂಖ್ಯೆಯೇ ಮೂವತ್ತು ಚಿಲ್ಲರೆ ಸಾವಿರ. ರಸ್ತೆ ಮುಚ್ಚಿದರೆ ಲೂಯಿಸ್ ಪಾಸ್ ಎಂಬ ಇನ್ನೊಂದು ಘಾಟಿ ಸುತ್ತಿಕೊಂಡು ಒಂದು ಗಂಟೆಗೂ ಹೆಚ್ಚು ತಡವಾಗಿ ತಲುಪುತ್ತಾರೆ. ಚಾರ್ಮಾಡಿ ಹೊರುವ ಭಾರ ಬೇರೆ ಬಗೆಯದು: ತರಕಾರಿ ಲಾರಿ, ಬಸ್ಸು, ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದೇ ಇಳಿಯುವ ಜನಸಾಗರ. ಶಿರಾಡಿ ಮುಚ್ಚಿದ ದಿನ ಅಲ್ಲಿಯ ಗಾಡಿಗಳೂ ಇದರ ಹೆಗಲಿಗೇ.

ಇನ್ನೊಂದು ವ್ಯತ್ಯಾಸಕ್ಕೆ ಯಾವ ಎಂಜಿನಿಯರ್ ಬಳಿಯೂ ಉತ್ತರ ಇಲ್ಲ. ಒಟಿರಾದಲ್ಲಿ ರಾತ್ರಿ ಗಾಡಿ ಕೆಟ್ಟರೆ ಮಳೆಯ ಸದ್ದೊಂದೇ ಜೊತೆ. ಎಷ್ಟೋ ಕಡೆ ಫೋನಿಗೆ ಸಿಗ್ನಲ್ ಇಲ್ಲ, ಹಾಗಾಗಿ ಬುತ್ತಿ, ನೀರು, ಕಂಬಳಿ ಇಟ್ಟುಕೊಂಡೇ ಹೊರಡಬೇಕು. ಚಾರ್ಮಾಡಿಯಲ್ಲಿ ಮರ ಬಿದ್ದರೆ ಇಲಾಖೆಯ ಗಾಡಿ ಬರುವ ಮೊದಲೇ ಯಾರೋ ಕತ್ತಿ ತಂದಿರುತ್ತಾರೆ, ಇನ್ಯಾರೋ ಲಾರಿಗೆ ಹಗ್ಗ ಬಿಗಿಯುತ್ತಿರುತ್ತಾರೆ, ಹೆಸರೂ ಕೇಳದೆ ಹತ್ತು ಜನ ದಿಮ್ಮಿ ಉರುಳಿಸುತ್ತಾರೆ. ಅದಾದ ಮೇಲೆ ಒದ್ದೆ ಬಟ್ಟೆಯಲ್ಲೇ ಕೊಟ್ಟಿಗೆಹಾರಕ್ಕೆ ಹತ್ತಿದರೆ ಕಾವಲಿಯಿಂದ ಆಗಷ್ಟೇ ಎದ್ದ ನೀರ್‌ದೋಸೆ ಇರುತ್ತದೆ. 240 ಕಿಲೋಮೀಟರಿನ ಈ ದಾರಿಯಲ್ಲಿ ಅಂಥ ಒಂದು ಕೊಟ್ಟಿಗೆಹಾರ ಎಲ್ಲೂ ಇಲ್ಲ.