ಐದು ಗ್ರಾಂ ಪ್ರೋಟೀನಿನ ಪುಣ್ಯಕಥೆ

ಬರ್ಗರ್ ಒಳಗೆ ತುರುಕುವ ಆ ಪ್ರೋಟೀನ್ ಸ್ಲೈಸ್ ನೆನಪಿದೆಯಲ್ಲ? 2025ರ ಜುಲೈನಲ್ಲಿ ಮ್ಯಾಕ್‌ಡೊನಾಲ್ಡ್ಸ್ ಬಿಟ್ಟಿದ್ದು. ಸೋಯಾ ಮತ್ತು ಬಟಾಣಿಯ ಪ್ರೋಟೀನಿನಿಂದ ಮಾಡಿದ ತೆಳ್ಳಗಿನ ಬಿಲ್ಲೆ. ಒಂದರಲ್ಲಿ 5 ಗ್ರಾಂ ಪ್ರೋಟೀನ್, ಆಗಿನ ಬೆಲೆ 25 ರೂಪಾಯಿ. ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಏಕಾದಶಿಗೂ ತೊಂದರೆ ಆಗಬಾರದು ನೋಡಿ. ತಯಾರಿಗೆ ಕೈಜೋಡಿಸಿದ್ದು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾ ಸಂಸ್ಥೆ, ಸಿಎಫ್‌ಟಿಆರ್‌ಐ. ಹೆಮ್ಮೆಯ ವಿಷಯ. ಬಟಾಣಿಕಾಳು ಕೊನೆಗೂ ಸಮಾಜದಲ್ಲಿ ಒಂದು ಸ್ಥಾನಕ್ಕೆ ಬಂತು.

ಅದಕ್ಕೂ ಮೊದಲೇ ನಂದಿನಿಯವರು ವೇ (ಹಾಲು ಒಡೆದಾಗ ಉಳಿಯುವ ತಿಳಿನೀರಿನ) ಪ್ರೋಟೀನ್ ಬೆರೆಸಿದ ಇಡ್ಲಿ ದೋಸೆ ಹಿಟ್ಟನ್ನು ಮಾರುಕಟ್ಟೆಗೆ ತಂದಿದ್ದರು, 2024ರ ಡಿಸೆಂಬರಿನಲ್ಲಿ. ಇಡ್ಲಿ ಹಿಟ್ಟಿಗೆ ಪ್ರೋಟೀನ್! ಹಾಗಾದರೆ ಅದರೊಳಗೆ ಇಷ್ಟು ಕಾಲ ಉದ್ದಿನಬೇಳೆ ಏನು ಮಾಡುತ್ತಿತ್ತು? ಸುಮ್ನೆ ಬಾಡಿಗೆಗಿತ್ತಾ?

ಒಂದು ಸಣ್ಣ ಲೆಕ್ಕ. ನೂರು ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಆ ಬಿಲ್ಲೆಯಷ್ಟು ಪ್ರೋಟೀನ್ ಬೇಕೆಂದರೆ 25 ಗ್ರಾಂ ಕಾಳಿಗೆ ಒಂಚೂರು ಕಡಿಮೆಯೇ ಸಾಕು. ಕಿಲೋಗೆ ನೂರು ರೂಪಾಯಿ ಅಂತಲೇ ಇಟ್ಟುಕೊಳ್ಳಿ, ಎರಡೂವರೆ ರೂಪಾಯಿ ಆಯಿತು. ಹುರುಳಿಯ ತಪ್ಪೇನೆಂದರೆ ಅದು ಗೋಣಿಚೀಲದಲ್ಲಿ ಬರುತ್ತದೆ. ಮೇಲೆ ಹೊಟ್ಟೆ ಗಟ್ಟಿಯಿರುವ ಹುಡುಗನ ಚಿತ್ರ ಇಲ್ಲ. ಕುದುರೆಗೂ ಎತ್ತಿಗೂ ಬೇಯಿಸಿ ಹಾಕುತ್ತಿದ್ದ ಕಾಳು ಎಂಬ ಹೆಸರು ಬೇರೆ. ಅದನ್ನು ತಿಂದ ಕುದುರೆ ರೇಸ್‌ಕೋರ್ಸಿನಲ್ಲಿ ಓಡುತ್ತದೆ, ಅದನ್ನು ತಿನ್ನಲು ನಾಚುವವನು ಜಿಮ್ಮಿನಲ್ಲಿ ನಿಂತ ಕಡೆಯೇ ಓಡುತ್ತಾನೆ.

ಬೀಗರು ಬಂದರೆ ಹುರುಳಿಕಾಳಿನ ಬಸ್ಸಾರು ಮಾಡುತ್ತೀರಾ? ಮಾಡಿ ನೋಡಿ, ಸಂಬಂಧ ಉಳಿದರೆ ಹೇಳಿ. ಮದುವೆಮನೆಯಲ್ಲಿ ಗೋಬಿ ಮಂಚೂರಿಗೆ ಜಾಗ ಇದೆ, ಬೇಬಿಕಾರ್ನಿಗೆ ಜಾಗ ಇದೆ. ಕಾಳಿನ ಪಾಲಿಗೆ ಎಲೆಯ ತುದಿಯಲ್ಲಿ ಒಂದು ಚಮಚ ಕೋಸಂಬರಿ, ಅದೂ ಶಾಸ್ತ್ರಕ್ಕೆ. ವಿಶ್ವಸಂಸ್ಥೆ ಮಾತ್ರ ಪಾಪ, 2016ನ್ನು ಬೇಳೆಕಾಳುಗಳ ವರ್ಷ ಎಂದು ಸಾರಿತು. ಫೆಬ್ರವರಿ 10ನ್ನು ಬೇಳೆಕಾಳುಗಳ ದಿನ ಮಾಡಿತು. ಆ ದಿನ ನಡೆಯುವ ವಿಚಾರ ಸಂಕಿರಣದಲ್ಲಿ ಮಧ್ಯಾಹ್ನ ಊಟಕ್ಕೆ ಪನೀರ್ ಬಟರ್ ಮಸಾಲ ಇಲ್ಲದಿದ್ದರೆ ನನ್ನ ಹೆಸರು ಬದಲಿಸಿ.

ಕಾಳು ಯಾಕೆ ತಿನ್ನಲ್ಲ ಅಂತ ಕೇಳಿದರೆ ಎಲ್ಲರಲ್ಲೂ ಒಂದೇ ಉತ್ತರ. ಗ್ಯಾಸ್ಟ್ರಿಕ್. ನಮ್ಮ ನಾಡಿನಲ್ಲಿ ತಲೆನೋವು, ಎದೆನೋವು, ಮಂಡಿನೋವು, ಸೊಸೆಯ ಮೇಲಿನ ಸಿಟ್ಟು, ಎಲ್ಲಕ್ಕೂ ಮೂಲ ಗ್ಯಾಸ್ಟ್ರಿಕ್ಕೇ. ಕಾಳಿನಲ್ಲಿರುವ ಒಂದು ಬಗೆಯ ಸಕ್ಕರೆ ಸಣ್ಣಕರುಳಿನಲ್ಲಿ ಕರಗುವುದಿಲ್ಲ. ಅದನ್ನು ದೊಡ್ಡಕರುಳಿನ ಬ್ಯಾಕ್ಟೀರಿಯಾ ತಿಂದು ಗಾಳಿ ಬಿಡುತ್ತವೆ. ಬಿಡುವುದು ಅವು, ಮರ್ಯಾದೆ ಹೋಗುವುದು ನಮ್ಮದು. ರಾತ್ರಿ ನೆನೆಹಾಕಿ ಆ ನೀರು ಚೆಲ್ಲಿದರೆ ಅರ್ಧ ತೊಂದರೆ ಅಲ್ಲೇ ಹೋಯಿತು. ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಇನ್ನೂ ಕಡಿಮೆ. ಇದು ಯಾವ ಅಜ್ಜಿಗೆ ಗೊತ್ತಿಲ್ಲ? ಆದರೆ ಅಜ್ಜಿಗೆ ಫಾಲೋವರ್ಸ್ ಇಲ್ಲ. ಬಾಡಿ ಮಾಡಲು ಹೊರಟ ಮೊಮ್ಮಗ ತಟ್ಟೆ ಮುಂದೆ ಕೂತು ಕೇಳುತ್ತಾನೆ: "ಅಜ್ಜಿ, ಇದರಲ್ಲಿ ಪ್ರೋಟೀನ್ ಎಷ್ಟಿದೆ?" "ಎರಡು ಸೌಟು ಹಾಕಿದೀನಿ ಕಂದ, ಸಾಲದಿದ್ದರೆ ಕೇಳು."

ಅವರೆಕಾಳಿಗೆ ಮಾತ್ರ ಬೆಂಗಳೂರಿನಲ್ಲಿ ರಾಜಮರ್ಯಾದೆ, ಒಪ್ಪಬೇಕು. ಮಾಗಿ ಚಳಿಗೆ ಮಾಗಡಿ ಕಡೆಯ ಸೊಗಡವರೆ ಬಂತೆಂದರೆ ವಿ.ವಿ. ಪುರದಲ್ಲಿ ಹುಟ್ಟಿದ ಅವರೆಬೇಳೆ ಮೇಳಕ್ಕೆ ಊರೇ ಹರಿಯುತ್ತದೆ. ಜನ ಜಾಸ್ತಿಯಾಗಿ 2023ರಲ್ಲಿ ನ್ಯಾಷನಲ್ ಕಾಲೇಜು ಮೈದಾನಕ್ಕೇ ಹೋಯಿತು. ಅಲ್ಲಿ ಅವರೆಬೇಳೆ ಜಾಮೂನು, ಅವರೆಬೇಳೆ ಜಿಲೇಬಿ. ಆರೋಗ್ಯದ ಕಾಳನ್ನು ತಿನ್ನಲು ಮೊದಲು ಅದನ್ನು ಎಣ್ಣೆಯಲ್ಲಿ ಕರಿದು ಪಾಕದಲ್ಲಿ ಮುಳುಗಿಸಬೇಕು, ಇದು ನಮ್ಮ ಕಂಡೀಷನ್. ಇನ್ನು ಹಿದಕಿದ ಬೇಳೆ. ಕಾಳಿನ ನಾರಿನ ದೊಡ್ಡ ಪಾಲು ಇರುವುದು ಸಿಪ್ಪೆಯಲ್ಲಿ. ಅದನ್ನು ಕೂತು ಹಿದುಕಿ, ಬುಟ್ಟಿಗೆ ಎಸೆದು, ಮೇಲೆ ಜಿಲೇಬಿ ತಿಂದು, ಮಾರನೇ ದಿನ ಮೆಡಿಕಲ್ ಶಾಪಿನಲ್ಲಿ ನಾರಿನಪುಡಿ ಕೇಳುತ್ತೇವೆ. ಹಿದಕಿದ ಬೇಳೆ ಸಾರಿನ ಮೇಲೆ ನನ್ನದು ತಕರಾರಿಲ್ಲ, ಅದಕ್ಕೆ ಏಳು ಖೂನ್ ಮಾಫಿ.

ಇದೇ ಸಿಎಫ್‌ಟಿಆರ್‌ಐ ಶುರುವಾದದ್ದು 1950ರಲ್ಲಿ. ಆ ದಶಕದಲ್ಲೇ ಅಲ್ಲಿನವರು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು ಸೇರಿಸಿ, ವಿಟಮಿನ್ ಬೆರೆಸಿ ಒಂದು ಪುಡಿ ಮಾಡಿದ್ದರು. ಉಣ್ಣಲು ಗತಿಯಿಲ್ಲದವರಿಗೆ ಅಗ್ಗದಲ್ಲಿ ಪ್ರೋಟೀನ್ ಸಿಗಲಿ ಎಂಬುದೇ ಉದ್ದೇಶ. ಅದು ಮನೆಮಾತಾಗಲಿಲ್ಲ. ವಿಜ್ಞಾನಿಗಳನ್ನು ನಾನು ದೂರುವುದಿಲ್ಲ, ಅವರು ಕೇಳಿದ್ದನ್ನು ಮಾಡಿಕೊಡುತ್ತಾರೆ. ಈಗ ಕೇಳುವವರು ಯಾರು ಅನ್ನುವುದಷ್ಟೇ ಬದಲಾಗಿದೆ.

ಕಾಳು ಬೆಳೆಯುವವನನ್ನು ಯಾರೂ ಕೇಳುವುದಿಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಪಟ್ಟ ಕೊಟ್ಟರು. ನೆಟೆ ರೋಗ ಬಂದು ಗಿಡ ನಿಂತಲ್ಲೇ ಒಣಗಿದಾಗ ಆ ಪಟ್ಟ ನೆರಳು ಕೊಡಲಿಲ್ಲ. 2025ರ ಶುರುವಿನಲ್ಲಿ ಪೇಟೆ ಧಾರಣೆ 7,550 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ರಾಜ್ಯ ಸರ್ಕಾರ ಕ್ವಿಂಟಲ್‌ಗೆ 450 ರೂಪಾಯಿ ಮೇಲೆ ಹಾಕಿ ಬೆನ್ನು ತಟ್ಟಿಕೊಂಡಿತು. ಇತ್ತ ಹೊರದೇಶದ ತೊಗರಿಗೆ ಆಗ ಸುಂಕವೇ ಇರಲಿಲ್ಲ. 2015ರಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದಾಗ ಟಿವಿಗಳು ವಾರಗಟ್ಟಲೆ ಅತ್ತವು. ಬಿದ್ದಾಗ ಅಳುವವರು ಕಲಬುರಗಿಯಲ್ಲಿ ಮಾತ್ರ ಇರುತ್ತಾರೆ.

2021ರಲ್ಲಿ ಅದೇ ಸೀಮೆಯ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಎದ್ದು ನಿಂತರು. ಮೊಟ್ಟೆ ಬೇಡವಂತೆ. ಸರಿ ಸ್ವಾಮಿ, ಹೊಟ್ಟೆ ತುಂಬ ಕಾಳು ಕೊಡಿಸಿ, ಯಾರು ತಡೆದರು? ಈಗ ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತಿದೆ, ಅದೂ ಒಂದು ಫೌಂಡೇಷನ್ನಿನ ದುಡ್ಡು ಬಂದ ಮೇಲೆ.

ಬಿಸಿಯೂಟದ ನಿಯಮ ನೋಡಿ. ಪ್ರಾಥಮಿಕ ಶಾಲೆಯ ಒಂದು ಮಗುವಿಗೆ ದಿನಕ್ಕೆ 20 ಗ್ರಾಂ ಬೇಳೆ. ಅಂದರೆ ನಾಲ್ಕೂವರೆ ಗ್ರಾಂನಷ್ಟು ಪ್ರೋಟೀನ್. ಬರ್ಗರಿನ ಆ ಒಂದು ಬಿಲ್ಲೆಗಿಂತ ಕಡಿಮೆ. ಅಕ್ಕಿ ಬೇರೆಯಾಗಿ ಬರುತ್ತದೆ. ಬೇಳೆ, ತರಕಾರಿ, ಎಣ್ಣೆ, ಉಪ್ಪು, ಖಾರ, ಒಲೆಯ ಗ್ಯಾಸು ಎಲ್ಲ ಸೇರಿ ಒಂದು ಮಗುವಿನ ಊಟಕ್ಕೆ ಕೇಂದ್ರ ನಿಗದಿ ಮಾಡಿದ್ದು 6 ರೂಪಾಯಿ 78 ಪೈಸೆ. ಒಂದು ಬಿಲ್ಲೆಯ ದುಡ್ಡಲ್ಲಿ ಮೂರು ಮಕ್ಕಳ ಊಟ ಆಗಿ ನಾಲ್ಕು ರೂಪಾಯಿ ಮಿಕ್ಕುತ್ತದೆ. ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂದು 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಇದರ ಬಗ್ಗೆ ತಮಾಷೆ ಮಾಡಲು ನನಗೆ ಆಗುತ್ತಿಲ್ಲ. ಬೇಜಾರಾಗಿದೆ. ಪ್ರೋಟೀನ್ ಬೇಕಾದವರು ಯಾರು, ಅದನ್ನು ಮಾರುತ್ತಿರುವುದು ಯಾರಿಗೆ?

ಆ 6 ರೂಪಾಯಿ 78 ಪೈಸೆಯೂ ಏರಿಸಿದ ಮೇಲಿನ ಮೊತ್ತ. 2025ರ ಮೇ ತಿಂಗಳಿಗೆ ಮುಂಚೆ 6 ರೂಪಾಯಿ 19 ಪೈಸೆ ಇತ್ತು. ಏರಿದ್ದು 59 ಪೈಸೆ. ನಿಮ್ಮ ಬೀದಿಯ ದಿನಸಿ ಅಂಗಡಿಗೆ ಹೋಗಿ, 59 ಪೈಸೆಗೆ ಹೆಸರುಕಾಳು ಕೊಡಿ ಅಂತ ಕೇಳಿ ನೋಡಿ. ಚಿಲ್ಲರೆ ಇಲ್ಲ, ಮುಂದೆ ಹೋಗಿ ಅನ್ನುತ್ತಾನೆ.